ಬಾಣಂತನಕ್ಕೆ ಬಿಟ್ಟ ಕೋಳಿಗಳು

ಕೋಳಿಗೆ ಬುದ್ಧಿಯಿಲ್ಲ ಎನ್ನುವವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಹಾಗೆನ್ನುವವರು ಒಂದು ದಿನವಾದರೂ ಹಿತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕೂತವರಲ್ಲ. ಬುಟ್ಟಿ ಹಿಡಿದು ಅಟ್ಟಿಸಿಕೊಂಡು ಹೋಗಿ, ಅದು ಸಿಗದೆ, ಮುಳ್ಳುಬೇಲಿಗೆ ಸೀರೆ ಸಿಕ್ಕಿಸಿಕೊಂಡು ಹರಿದುಕೊಂಡು ಬಂದು, ಆಮೇಲೆ ಬುದ್ಧಿಯಿಲ್ಲದ್ದು ಕೋಳಿ ಎಂದು ತೀರ್ಪು ಕೊಡುತ್ತಾರೆ. ಮೇಲೆ ಹದ್ದು ಸುತ್ತಿದಾಗ ಕೋಳಿ ಕೂಗುವುದೇ ಬೇರೆ, ಬೇಲಿಯ ಬುಡದಲ್ಲಿ ಮುಂಗುಸಿ ಕಂಡಾಗ ಕೂಗುವುದೇ ಬೇರೆ. ಮೊಟ್ಟೆಯಿಡಲು ಜಾಗ ಹುಡುಕುವಾಗ ಅದರದು ಮುದುಕಿಯರ ಗೊಣಗಾಟ. ಕಾವಿಗೆ ಕೂತಾಗ ಹತ್ತಿರ ಹೋದರೆ ಗುರ್ ಎನ್ನುತ್ತದೆ. ಇನ್ನೊಂದು ಸದ್ದಿದೆ, ಅದನ್ನು ಕೇಳಿದವರು ಕಡಿಮೆ. ಕೋಳಿಗೆ ಭಯವೆಲ್ಲ ಬಿಟ್ಟುಹೋಗಿ, ನಂಬಿದವರ ಮಡಿಲಲ್ಲಿ ಕಣ್ಣು ಮುಚ್ಚುವಾಗ ಗಂಟಲ ಒಳಗೇ ಸಣ್ಣಗೆ ಗೊರಗುಟ್ಟುವ ಸದ್ದು ಅದು.

ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ಅಕ್ಕ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮದು ಶಿರಾಳಕೊಪ್ಪದ ಸಂತೆಗೆ ಗಾಡಿ ಹೂಡಿಕೊಂಡು ಹೋಗಿ ಬರುವಷ್ಟು ದೂರದ ಊರು. ಮನೆಯಲ್ಲಿ ಅಪ್ಪ, ಅವ್ವ, ನಾನು. ಅಕ್ಕನನ್ನು ಸೊರಬದ ಕಡೆ, ಕುಪ್ಪಗಡ್ಡೆಗೆ ಕೊಟ್ಟಿತ್ತು. ನಾನು ಶಾಲೆ ಬಿಟ್ಟು ಮನೆಗೆಲಸಕ್ಕೆ ಬಿದ್ದ ಹೊಸತು. ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ಅವ್ವ ನನಗೆ ಬೈಯುವಾಗಲೆಲ್ಲ ಅಕ್ಕನ ಹೆಸರು ಎತ್ತಿಯೇ ಬೈಯುತ್ತಿದ್ದಳು.

ನಮ್ಮ ಕಡೆ ಮಗಳು ಬಸುರಿ ಎಂದು ಗೊತ್ತಾದ ಕೂಡಲೇ ತವರಿನಲ್ಲಿ ಕೋಳಿ ಬಿಡುತ್ತಾರೆ. ಬಿಡುವುದು ಎಂದರೆ ಆಗ ಮೊಟ್ಟೆಯೊಡೆದು ಎದ್ದ ಮರಿಗಳಲ್ಲಿ ಗಟ್ಟಿಯಾದವನ್ನು ನೋಡಿ ಮಗಳ ಬಾಣಂತನಕ್ಕೆಂದು ಮೀಸಲಿಡುವುದು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ. ಹೆರಿಗೆಯಾದ ಮೇಲೆ ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿದ ಕೋಳಿಸಾರು ಬಾಣಂತಿಯ ಹೊಟ್ಟೆಗೆ ಹೋಗಬೇಕು, ಅದು ಹಾಲಾಗಿ ಕೂಸಿನ ಹೊಟ್ಟೆಗೆ ಇಳಿಯಬೇಕು. ಅಕ್ಕನಿಗೆ ಸೀಮಂತದ ಕುಬಸ ಮಾಡಿದಾಗ ರವಿಕೆ ಹೊಲಿದು ಉಳಿದ ಹಸಿರು ಖಣದ ಚೂರನ್ನು ಅವ್ವ ಸಣ್ಣ ಸಣ್ಣ ಪಟ್ಟಿಯಾಗಿ ಹರಿದು ಆ ಕೋಳಿಗಳ ಕಾಲಿಗೆ ಕಟ್ಟಿದಳು. ಹಸಿರು ಚಿಂದಿ ಕಾಲಲ್ಲಿದೆಯೆಂದರೆ ಅದು ಬಾಣಂತಿಯ ಸ್ವತ್ತು. ಹಬ್ಬ ಬರಲಿ, ನೆಂಟರು ಬರಲಿ, ಅದರ ಮೈ ಮುಟ್ಟುವ ಹಾಗಿಲ್ಲ.

ಅಪ್ಪನ ಸೋದರಮಾವನೊಬ್ಬ ಇದ್ದ. ಯಾರ ಮನೆಯಲ್ಲಿ ಕೋಳಿ ಬಲಿತಿದೆ ಎಂಬುದು ಅವನಿಗೆ ಗಾಳಿಯಲ್ಲೇ ತಿಳಿಯುತ್ತಿತ್ತು. ಅವನು ಬಂದು ಹಿತ್ತಲ ಕಡೆ ಕಣ್ಣು ಹಾಯಿಸಿ, 'ಬೂದಿ ಬಣ್ಣದ ಹೇಂಟೆ ಚೊಲೋ ಬೆಳದೈತಲ್ಲ' ಎಂದ. ಅವ್ವ ಅವನಿಗೆ ಅವರೆಕಾಳಿನ ಸಾರು ಬಡಿಸಿದಳು. ಎರಡನೆಯ ಸಲ ನೀಡುವಾಗಲೂ ಅವರೆಕಾಳೇ. ಅವನು ಹೋದ ಮೇಲೆ ಅಪ್ಪ ನಕ್ಕಿದ್ದೇ ನಕ್ಕಿದ್ದು.

ಏಳು ತುಂಬುತ್ತಲೇ ಅಕ್ಕ ಮನೆಗೆ ಬಂದಳು. ಬರುವಾಗ ಸೊರಗಿದ್ದಳು, ಕಣ್ಣು ಮಾತ್ರ ದೊಡ್ಡವಾಗಿದ್ದವು. ಭಾರ ಎತ್ತಬ್ಯಾಡ, ಬಗ್ಗಬ್ಯಾಡ, ಬಾವಿಗೆ ಹೋಗಬ್ಯಾಡ ಎಂದು ಅವ್ವ ಎಲ್ಲಕ್ಕೂ ಬೇಲಿ ಹಾಕಿದಳು. ಮಾಡಲು ಕೆಲಸವಿಲ್ಲದ ಅಕ್ಕ ಹಿತ್ತಲಿಗೆ ಹೋಗಿ, ಒಡೆದು ಬೋರಲು ಬಿದ್ದಿದ್ದ ಹಳೆಯ ಒರಳುಕಲ್ಲಿನ ಮೇಲೆ ಕೂತಳು. ಆಮೇಲೆ ಆ ಕಲ್ಲು ಅವಳದೇ ಆಯಿತು.

ನಮ್ಮ ಕೋಳಿಗಳಿಗೆ ಮನುಷ್ಯರೆಂದರೆ ಬುಟ್ಟಿ, ಬುಟ್ಟಿಯೆಂದರೆ ಕತ್ತಿ. ಕಾಳು ಎಸೆದರೆ ತಿನ್ನುತ್ತಿದ್ದವು, ಕೈ ಚಾಚಿದರೆ ಬೇಲಿ ಹಾರುತ್ತಿದ್ದವು. ಅಕ್ಕ ಕಾಳು ಎಸೆಯಲಿಲ್ಲ. ಅಂಗೈ ತುಂಬ ಅಕ್ಕಿನುಚ್ಚು ಹಿಡಿದು, ಕೈಯನ್ನು ಮೊಣಕಾಲಿನ ಮೇಲಿಟ್ಟು, ಬೇರೆ ಕಡೆ ಮುಖ ಮಾಡಿ ಕೂತಳು. ಮೊದಲ ದಿನ ಬೇಲಿಯಾಚೆಯಿಂದ ನೋಡಿದವು. ಮಾರನೆಯ ದಿನ ಬೇಲಿಯ ಈಚೆ. ಅವಳು ಒಂದೇ ಸಮನೆ ಮೆಲ್ಲಗೆ ಏನಾದರೂ ಮಾತಾಡುತ್ತಿದ್ದಳು. ಕುಪ್ಪಗಡ್ಡೆಯಲ್ಲಿ ನಾಟಿ ಮಾಡಿದ್ದು, ಅಲ್ಲಿಯ ಬಾವಿಯ ನೀರಿನ ರುಚಿ, ಅತ್ತೆಯ ಮಂಡಿನೋವು, ಎಲ್ಲವನ್ನೂ ಕೋಳಿಗೆ ಹೇಳುತ್ತಿದ್ದಳು. ನನಗೆ ಹೇಳದ್ದನ್ನೂ ಹೇಳಿರಬೇಕು.

ನಾನು ನೋಡಲು ಹೋದರೆ ಎಲ್ಲವೂ ದಿಕ್ಕಾಪಾಲು.

'ಹಂಗ ದಿಟ್ಟಿಸಿ ನೋಡಬ್ಯಾಡಲೇ' ಎಂದು ಅಕ್ಕ ಹಲ್ಲು ಕಚ್ಚಿ ಹೇಳಿದಳು. 'ಎರಡೂ ಕಣ್ಣು ಮುಂದ ಇಟ್ಟು ನೋಡೋದು ಬೆಕ್ಕು, ಹದ್ದು. ಕೋಳಿ ಹಂಗ ವಾರೆಗಣ್ಣಾಗ ನೋಡು. ಮೊದಲು ಕುಂದರು. ನಿಂತವರನ್ನ ಅವು ನಂಬಂಗಿಲ್ಲ.'

'ನಾಳೆ ನಿನ್ನ ಹೊಟ್ಟಿ ಸೇರೋ ಕೋಳಿಗೆ ಇಷ್ಟೊಂದು ಉಪಚಾರ ಯಾಕಬೇ?' ಎಂದು ಕೇಳಿದೆ. ನಾನು ನಗಿಸಲು ಕೇಳಿದ್ದು. ಅಕ್ಕ ನಗಲಿಲ್ಲ.

'ನಾ ಒಲ್ಲೆ ಅಂದ್ರ ಅವ್ವ ಬಿಡ್ತಾಳನು? ತಿನ್ನೋದು ತಿಂತೀನಿ. ಅಲ್ಲೀತನಕಾನರ ಹೆದರಿಕಿ ಇಲ್ಲದ ಇರಲಿ.' ಅಂಗೈಯ ನುಚ್ಚು ಸರಿಮಾಡಿಕೊಂಡು ಮತ್ತೆ ಹೇಳಿದಳು, 'ಗೊತ್ತಿಲ್ಲದ ಮನಿಯಾಗ ಇದ್ದು ನೋಡು, ಆಗ ನಿನಗ ತಿಳೀತೈತಿ. ಬಯ್ಯೋರು ಯಾರೂ ಇರಲಿಲ್ಲ ಅಲ್ಲಿ. ಆದ್ರೂ ಒಂದು ವರ್ಷ ನಾ ಹಿಂಗ ಬೇಲಿ ಮ್ಯಾಲೇ ಕುಂತಿದ್ದೆ.'

ಆಗ ನನಗೆ ಅದು ಅರ್ಥವಾಗಲಿಲ್ಲ. ಮದುವೆಯಾದ ಮೇಲೆ ಆಯಿತು.

ಸಂಜೆ ಕೋಳಿ ಕರೆಯುವುದು ಅಕ್ಕನ ಪಾಲಿಗೆ ಬಂತು. ಎಲ್ಲರೂ ಕರೆಯುವ ಹಾಗೆ ಕೋ ಕೋ ಕೋ ಎಂದೇ ಅವಳೂ ಕರೆಯುತ್ತಿದ್ದಳು. ಆದರೆ ಅವಳದು ನಿಧಾನ. ಮೊದಲು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಲೊಚಗುಡುವುದು, ಆಮೇಲೆ ಕೋ… ಕೋ… ಕೋ…, ಕೊನೆಗೆ ತೊಟ್ಟಿಲ ಕೂಸಿಗೆ ಹೇಳಿದಷ್ಟು ಇಳಿದ ದನಿಯಲ್ಲಿ ಒಂದು 'ಬಾ'. ಆ 'ಬಾ' ಬಿದ್ದ ಮೇಲೆ ಒಂದು ಕೋಳಿಯೂ ಹೊರಗೆ ನಿಲ್ಲುತ್ತಿರಲಿಲ್ಲ. ಗೋಡೆಗೆ ಒತ್ತಿ ಕಟ್ಟಿದ ಮಣ್ಣಿನ ಗೂಡಿನೊಳಕ್ಕೆ ಸಾಲಾಗಿ ನುಗ್ಗುತ್ತಿದ್ದವು. ಬೂದುಕೋಳಿ ಮಾತ್ರ ಎಲ್ಲಕ್ಕೂ ಕೊನೆಗೆ ಹೋಗುತ್ತಿತ್ತು. ಅದು ಮೊದಲು ಅಕ್ಕನ ಮಡಿಲೇರಿ, ಇಷ್ಟೇ ಇಷ್ಟು ಉಳಿದಿದ್ದ ಜಾಗದಲ್ಲಿ, ಅವಳ ದೊಡ್ಡ ಹೊಟ್ಟೆಗೆ ಒರಗಿ ಕೂರುತ್ತಿತ್ತು. ಒಳಗಿನಿಂದ ಕೂಸು ಒದ್ದರೆ ತಲೆಯೆತ್ತಿ ವಾರೆಗಣ್ಣಲ್ಲಿ ಹೊಟ್ಟೆಯನ್ನೇ ನೋಡುತ್ತಿತ್ತು. ಆಗ ಅಕ್ಕ ನಗುತ್ತಿದ್ದ ನಗು ಈಗಲೂ ನನ್ನ ಕಿವಿಯಲ್ಲಿದೆ.

ಹೆರಿಗೆ ಹಗಲು ಹೊತ್ತಿನಲ್ಲೇ ಆಯಿತು. ಹೆಣ್ಣು ಕೂಸು. ಸೂಲಗಿತ್ತಿ ಅದನ್ನು ತೊಳೆದು ಮೊರದಲ್ಲಿ ಮಲಗಿಸಿದಳು. ಕೂಸು ಅತ್ತಿತು, ನಾವು ನಕ್ಕೆವು, ಅಪ್ಪ ಬೆಲ್ಲ ತರಲು ಒಳಗೆ ಹೋದ. ಅಕ್ಕನ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಆಮೇಲೆ ಅಪ್ಪ ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಅಕ್ಕನನ್ನು ಮಲಗಿಸಿಕೊಂಡು ಶಿಕಾರಿಪುರದ ಆಸ್ಪತ್ರೆಗೆಂದು ಹೊರಟ. ಅವ್ವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕೂಸಿನೊಂದಿಗೆ ಬಾಗಿಲಲ್ಲಿ ನಿಂತಿದ್ದವಳು ನಾನು. ಕೆರೆ ಏರಿ ದಾಟುವ ಮೊದಲೇ ಗಾಡಿ ತಿರುಗಿತು. ವಾಪಸು ಬರುವಾಗ ಅಪ್ಪ ಗಾಡಿಯ ಮೂಕಿಯ ಮೇಲೆ ಕೂತಿರಲಿಲ್ಲ, ಎತ್ತಿನ ಪಕ್ಕ ನಡೆಯುತ್ತಿದ್ದ. ಯಾವ ಅವಸರವೂ ಇಲ್ಲದ ಆ ನಡಿಗೆ ನೋಡಿಯೇ ನನಗೆ ತಿಳಿಯಿತು.

ಅಕ್ಕನ ಸೀರೆ, ಬಳೆ, ಅವಳು ಮಲಗಿದ್ದ ಚಾಪೆ, ಒಂದನ್ನೂ ಮನೆಯಲ್ಲಿ ಉಳಿಸಲಿಲ್ಲ. ಹಿರಿಯರು ಹೇಳಿದ ಹಾಗೆ ಕೊಡುವುದನ್ನು ಕೊಟ್ಟು, ಸುಡುವುದನ್ನು ಸುಟ್ಟರು. ಭಾವ ಬಂದು ಹೋದರು. ಅವರ ತಾಯಿ ಕೂಸನ್ನು ನೋಡಿ, 'ಹಾಲು ಬಿಡೋವರೆಗೆ ಇಲ್ಲೇ ಇರ್ಲಿ, ಆಮೇಲೆ ನಮ್ಮ ಮನೆ ಕೂಸು ನಮ್ಮಲ್ಲಿಗೆ ಬರ್ಲಿ' ಎಂದು ಕಣ್ಣೊರೆಸಿಕೊಂಡರು. ನ್ಯಾಯವಾದ ಮಾತು, ಯಾರೂ ಎದುರಾಡಲಿಲ್ಲ. ಅಕ್ಕನದೆಂಬುದು ಮನೆಯಲ್ಲಿ ಏನೂ ಇಲ್ಲ ಎಂದು ಎಲ್ಲರೂ ತಿಳಿದಿದ್ದಾಗ, ಅವಳ ಕುಬಸದ ಹಸಿರು ಖಣ ಮಾತ್ರ ಕೋಳಿಗಳ ಕಾಲಲ್ಲಿ ಹಿತ್ತಲ ತುಂಬ ಓಡಾಡುತ್ತಿತ್ತು. ಅವ್ವ ಅದನ್ನು ನೋಡಿದಳು. ನೋಡಿ ಹಿತ್ತಲ ಬಾಗಿಲು ಹಾಕಿದಳು.

ಅವ್ವ ಮಾತು ಬಿಟ್ಟಳು. ಕೂಸನ್ನು ಎತ್ತುತ್ತಿದ್ದಳು, ಒಲೆ ಹಚ್ಚುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಬಟ್ಟೆಯ ಬತ್ತಿಯಲ್ಲಿ ಅದ್ದಿ ಕುಡಿಸಿದರೆ ಕುಡಿದಷ್ಟೇ ಕಕ್ಕುತ್ತಿತ್ತು. ದಿನದಿಂದ ದಿನಕ್ಕೆ ಅದರ ಅಳು ಸಣ್ಣದಾಯಿತು. ನನಗೆ ಅದರ ಅಳುವಿಗಿಂತ ಆ ಸಣ್ಣ ದನಿಯೇ ಹೆಚ್ಚು ಹೆದರಿಕೆ.

ನಮ್ಮ ಹಿಂದಿನ ಓಣಿಯಲ್ಲಿ ಕುರಿ ಸಾಕುವವರ ಮನೆಯಿತ್ತು. ಆ ಮನೆಯ ಸೊಸೆಗೆ ಅಂಬೆಗಾಲಿಡುವ ಗಂಡುಕೂಸು. ಒಂದು ಮಧ್ಯಾಹ್ನ ಅವಳು ಯಾರೂ ಕರೆಯದೆ ಒಳಗೆ ಬಂದು, ಅವ್ವನ ಕೈಯಿಂದ ಕೂಸನ್ನು ತೆಗೆದುಕೊಂಡು, ಗೋಡೆಗೆ ಒರಗಿ ಕೂತು ಮೊಲೆಗೆ ಹಾಕಿಕೊಂಡಳು. ಕೂಸು ಗುಟುಕು ಗುಟುಕಾಗಿ ಕುಡಿಯುವ ಸದ್ದು ಮನೆಯಲ್ಲೆಲ್ಲ ಕೇಳಿಸಿತು. ಅಪ್ಪ ಎದ್ದು ಹೊರಗೆ ಹೋದ. ಅಂದಿನಿಂದ ಅವಳು ಹೊತ್ತು ಹೊತ್ತಿಗೆ ಬರತೊಡಗಿದಳು. ಅವಳ ಅತ್ತೆ ಓಣಿಯಲ್ಲಿ ಮೂಗು ಮುರಿದಳಂತೆ, ಆದರೆ ತಡೆಯಲಿಲ್ಲ.

ಇತ್ತ ಹಿತ್ತಲಲ್ಲಿ ಕೋಳಿಗಳು ಗೂಡು ಬಿಟ್ಟಿದ್ದವು. ಸಂಜೆಯಾದರೆ ಒರಳುಕಲ್ಲಿನ ಸುತ್ತ ಬಂದು ನಿಲ್ಲುತ್ತಿದ್ದವು. ಕರೆಯುವವರಿಲ್ಲ. ಸ್ವಲ್ಪ ಹೊತ್ತು ಕಾದು, ಒಂದೊಂದಾಗಿ ಹುಣಸೆಮರ ಹತ್ತುತ್ತಿದ್ದವು. ನಾನು ಕೂಗಿದೆ, ಕಾಳು ಎರಚಿದೆ, ಕೊನೆಗೆ ಸಿಟ್ಟು ನೆತ್ತಿಗೇರಿ ಬುಟ್ಟಿ ಹಿಡಿದು ಓಡಿದೆ. ಅವು ಇನ್ನೂ ಮೇಲಿನ ಕೊಂಬೆಗೆ ಹೋದವು. ಒಂದು ಬೆಳಿಗ್ಗೆ ಮರದ ಬುಡದಲ್ಲಿ ಪುಕ್ಕ ಚೆಲ್ಲಿತ್ತು, ಪುಕ್ಕದ ನಡುವೆ ಹಸಿರು ಚಿಂದಿ ಇತ್ತು. ಕಾಡುಬೆಕ್ಕು ಬಂದು ಹೋಗಿತ್ತು. ಆ ಚಿಂದಿಯನ್ನು ಅವ್ವ ನೋಡುವ ಮೊದಲು ಮಣ್ಣಲ್ಲಿ ಮುಚ್ಚಿದೆ. ಕೋಳಿಗಳನ್ನು ಸಂತೆಗೆ ಒಯ್ಯುತ್ತೇನೆಂದು ಅಪ್ಪ ಹೇಳಿದ. ಅವ್ವ ಬೇಡವೆಂದು ತಲೆಯಾಡಿಸಿದಳು. ಅವುಗಳನ್ನು ನೋಡಲೂ ಆಗದು, ಬಿಡಲೂ ಆಗದು.

ಆ ಸಂಜೆ ನಾನು ಅಕ್ಕನ ಕಲ್ಲಿನ ಮೇಲೆ ಕೂತೆ. ಮುಖ ಬೇರೆ ಕಡೆ ಮಾಡಿದೆ. ನಾಲಿಗೆ ಲೊಚಗುಟ್ಟಿದೆ, ನಿಧಾನವಾಗಿ ಕೋ… ಕೋ… ಕೋ… ಎಂದು, ಆ 'ಬಾ' ಅನ್ನು ಅಕ್ಕ ಇಳಿಸುತ್ತಿದ್ದಷ್ಟೇ ಇಳಿಸಿದೆ. ಅಕ್ಕನ ದನಿ ನನ್ನ ಗಂಟಲಲ್ಲಿದೆ ಎಂಬುದು ನನಗೇ ಗೊತ್ತಿರಲಿಲ್ಲ. ಬೂದುಕೋಳಿ ಮೊದಲು ಬಂತು, ಅದರ ಹಿಂದೆ ಉಳಿದವು. ಆಗ ಹಿತ್ತಲ ಬಾಗಿಲು ದಡಾರನೆ ತೆರೆಯಿತು. ಅವ್ವ ನಿಂತಿದ್ದಳು. ಸೆರಗು ಜಾರಿತ್ತು. ನನ್ನನ್ನು ಕಂಡೂ ಅವಳ ಕಣ್ಣು ನನ್ನ ಹಿಂದೆ, ಬೇಲಿಯ ಕಡೆ, ಮರದ ಕಡೆ ಯಾರನ್ನೋ ಹುಡುಕಿತು. ಆಮೇಲೆ ನನ್ನ ಮೇಲೆ ಬಂದು ನಿಂತಿತು.

'ಹಂಗ ಕರೀಬ್ಯಾಡ' ಎಂದಳು.

ಅಷ್ಟು ದಿನಗಳಲ್ಲಿ ಅವ್ವ ಆಡಿದ ಮೊದಲ ಮಾತು ಅದು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಕೋಳಿಗಳು ಮರ ಹತ್ತಿದವು.

ಕರೆಯುವಂತಿಲ್ಲ, ಕರೆಯದಿದ್ದರೆ ಕಾಡುಬೆಕ್ಕು. ನನ್ನಂಥ ಬಾಯಿಬಡುಕಿ ಬಾಯಿಲ್ಲದೆ ಕರೆಯುವುದನ್ನು ಕಲಿಯಬೇಕಾಯಿತು. ತಾಯಿಕೋಳಿ ಮರಿಗಳಿಗೆ ಕಾಳು ತೋರಿಸುವಾಗ ಕೊಕ್ಕಿನಿಂದ ನೆಲವನ್ನು ಟಕ ಟಕ ಕುಟ್ಟುತ್ತದೆ. ನಾನು ಉಗುರಿನಿಂದ ಒರಳುಕಲ್ಲನ್ನು ಹಾಗೆ ಕುಟ್ಟಿದೆ. ಅಕ್ಕ ಮಾಡಿದ ಹಾಗೆ ಅಂಗೈಯಲ್ಲಿ ನುಚ್ಚು ಹಿಡಿದು ಕೂತೆ. ಕಾಲು ಜೋಮು ಹಿಡಿಯುವವರೆಗೆ, ಇರುವೆ ಕಚ್ಚಿದರೂ ಅಲುಗದೆ ಕೂತೆ. ಒಮ್ಮೆ ಕೆಮ್ಮಿದ್ದಕ್ಕೇ ಎಲ್ಲ ಓಡಿಹೋಗಿ, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಕೂತು ಕೂತು ನನ್ನೊಳಗಿನ ಜೋರು ಸ್ವಲ್ಪ ಇಳಿಯಿತು. ಅಳುವುದಾದರೂ ಸದ್ದಿಲ್ಲದೆ ಅಳಲು ಅಲ್ಲಿಯೇ ಕಲಿತದ್ದು. ಹಾಗೆ ಅಳುವವರಿಗೆ ಕೋಳಿ ಹೆದರುವುದಿಲ್ಲ, ಇದು ನಾನು ಕಂಡುಕೊಂಡ ಸತ್ಯ. ಒಂದು ಸಂಜೆ ಬೂದುಕೋಳಿ ನನ್ನ ಅಂಗೈಯಿಂದ ನುಚ್ಚು ತಿಂದಿತು. ಇನ್ನೂ ಕೆಲವು ದಿನಕ್ಕೆ ಮಡಿಲಿಗೆ ಹತ್ತಿ, ಎರಡು ಸುತ್ತು ಸುತ್ತಿ, ಕೂತು, ಗಂಟಲೊಳಗೆ ಗೊರಗುಟ್ಟಿತು. ಉಳಿದವು ಗೂಡಿಗೆ ಹೋದವು. ನಾನು ಗೂಡಿನ ಬಾಯಿಗೆ ಚಪ್ಪಡಿಕಲ್ಲು ಮುಚ್ಚಿ ಒಳಗೆ ಬಂದಾಗ ಅವ್ವ ನನ್ನ ಲಂಗಕ್ಕೆ ಅಂಟಿದ್ದ ಬೂದಿ ಬಣ್ಣದ ಪುಕ್ಕವನ್ನು ನೋಡಿದಳು.

ಹೀಗೆ ಬೇಸಿಗೆ ಬಂತು. ಹಿಂದಿನ ಓಣಿಯ ಸೊಸೆಯ ಗಂಡ ಕುರಿ ಹೊಡೆದುಕೊಂಡು ಮೇವು ಸಿಗುವ ಕಡೆ ಹೋಗಿದ್ದ. ಮನೆಯ ಕೆಲಸ, ಕೂಲಿ ಕೆಲಸ ಎರಡೂ ಅವಳ ಮೇಲೆ ಬಿದ್ದವು. ಎರಡು ಕೂಸು ಹೀರುವ ಮೈಯಲ್ಲಿ ಹಾಲೆಲ್ಲಿಂದ ಬರಬೇಕು? ನಮ್ಮ ಕೂಸು ಮೊಲೆ ಬಿಟ್ಟು ಬಿಟ್ಟು ಅಳತೊಡಗಿತು. ಕೆನ್ನೆ ಮತ್ತೆ ಒಳಗೆ ಹೋದವು. ಆ ಹೆಂಗಸು ತನ್ನ ಮೈಯನ್ನೇ ಬೈದುಕೊಳ್ಳುತ್ತಾ, 'ಬರವಲ್ದು ಅವ್ವಾ, ಏನ್ ಮಾಡ್ಲಿ' ಎಂದು ಕಣ್ಣಲ್ಲಿ ನೀರು ತಂದಳು. ಹೆರಿಗೆ ಮಾಡಿಸಿದ್ದ ಸೂಲಗಿತ್ತಿಯೇ ಬಂದು ನೋಡಿ, ಅವಳಿಗೆ ಬಾಣಂತಿಯ ಊಟ ಹಾಕಿ, ಕೋಳಿಸಾರು ಕೊಡಿ, ಬತ್ತಿದ ಹಾಲು ತಿರುಗಿ ಬರುತ್ತದೆ ಎಂದಳು.

ಅಪ್ಪ ಸಂತೆಯಿಂದ ಕೋಳಿ ತರಲು ಚೀಲ ತೆಗೆದುಕೊಂಡ. ಅವ್ವ ಅವನ ಕೈಯಿಂದ ಚೀಲ ತೆಗೆದು ಗೂಟಕ್ಕೆ ಹಾಕಿದಳು.

'ಮನಿಯಾಗ ಅದಾವಲ್ಲ' ಎಂದಳು.

ಅಪ್ಪ ಅವಳ ಮುಖವನ್ನೇ ನೋಡಿದ. 'ಅದು… ತೀರಿಕೊಂಡಾಕಿ ಬಾಣಂತನಕ್ಕ ಬಿಟ್ಟಿದ್ದು. ಇನ್ನೊಬ್ಬರಿಗೆ ಹಾಕಬಾರದು ಅಂತಾರ. ಈಕಿ ಮನಿಯವರು ಒಪ್ಪಬೇಕಲ್ಲ?'

ಸತ್ತ ಬಾಣಂತಿ ತನ್ನ ಪಾಲನ್ನು ಹುಡುಕಿಕೊಂಡು ಬರುತ್ತಾಳೆ, ಅದನ್ನು ತಿಂದವರನ್ನು ಹಿಡಿಯುತ್ತಾಳೆ ಎಂದು ಊರಿನಲ್ಲಿ ನಂಬುತ್ತಿದ್ದರು. ಗೋಡೆಗೆ ಒರಗಿ ಕೂತಿದ್ದ ಆ ಹೆಂಗಸಿಗೂ ಅದು ಗೊತ್ತು. ಅವಳು ಮಡಿಲಲ್ಲಿದ್ದ ಕೂಸಿನ ತಲೆ ಸವರಿದಳು. ಆಮೇಲೆ ಹೇಳಿದಳು.

'ನಾ ಉಣ್ತೀನಿ ಬಿಡ್ರಿ. ಅಕ್ಕಾರು ಬಂದ್ರ ಬರ್ಲಿ. ನನ್ನ ಕೂಸು ಎಲ್ಲೈತಿ ಅಂತ ಕೇಳಿದ್ರ ತೋರಸ್ತೀನಿ.'

ಅವ್ವ ಅವಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, 'ಬೂದುಕೋಳಿ ಹಿಡ್ಕೊಂಡು ಬಾ' ಎಂದಳು. ಇದ್ದವುಗಳಲ್ಲಿ ಮೈ ತುಂಬಿಕೊಂಡದ್ದು ಅದೊಂದೇ.

'ನಾ ಒಲ್ಲೆ' ಎಂದೆ. 'ಬ್ಯಾರೇದು ಹಿಡೀರಿ. ಅದು ನನ್ನ ಮಡಲಿಗೆ ತಾನಾಗೇ ಬರ್ತೈತಿ. ನಾ ಕೊಡಂಗಿಲ್ಲ.' ಕೂಸು ಅಳುತ್ತಿತ್ತು. ಅದು ಅಳುತ್ತಿರುವಾಗ ನಾನು ಕೋಳಿಗಾಗಿ ಕಾಲು ಅಪ್ಪಳಿಸುತ್ತಿದ್ದೆ. ಎರಡೂ ನನಗೆ ಬೇಕಿದ್ದವು. ಎರಡೂ ಅಕ್ಕನವು.

ಅವ್ವ ಬೈಯಲಿಲ್ಲ. ಆ ಹೆಂಗಸಿನ ಮಡಿಲಿಂದ ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟು, ಹಿತ್ತಲ ಬಾಗಿಲು ತೆಗೆದು, ಒರಳುಕಲ್ಲಿನ ಮೇಲೆ ಕೂತಳು. ಅಂಗೈಯಲ್ಲಿ ನುಚ್ಚು ಹಿಡಿದು, ಕೈಯನ್ನು ಮೊಣಕಾಲಿನ ಮೇಲಿಟ್ಟು, ಮುಖ ಬೇರೆ ಕಡೆ ಮಾಡಿದಳು. ನಾಲಿಗೆ ಲೊಚಗುಟ್ಟಿದಳು.

ಕೋ… ಕೋ… ಕೋ… ಬಾ.

ಬಾಗಿಲಲ್ಲಿ ನಿಂತು ಕೇಳಿದೆ. ಅಕ್ಕನೇ ಕರೆದ ಹಾಗಿತ್ತು. ಅಕ್ಕನ ಕರೆ ಎಂದು ನಾನು ತಿಳಿದದ್ದು ಮೊದಲಿನಿಂದಲೂ ಅವ್ವನದು, ಚಿಕ್ಕಂದಿನಲ್ಲಿ ಅವ್ವನ ಸೊಂಟದ ಮೇಲೆ ಕೂತು ಅಕ್ಕ ಕಲಿತದ್ದು ಎಂಬುದು ಆಗ ಹೊಳೆಯಿತು. ನಮ್ಮ ಮನೆ ಬೆಳೆದು, ಕೆಲಸ ಹೆಚ್ಚಿ, ಅವ್ವ ಅವಸರದವಳಾದ ಮೇಲೆ ಹುಟ್ಟಿದ ನಾನು ಅದನ್ನು ಅವಳ ಬಾಯಲ್ಲಿ ಕೇಳಿರಲಿಲ್ಲ. ಬೇಲಿಯ ಮೂಲೆಯಿಂದ ಕೋಳಿಗಳು ಓಡಿಬಂದವು. ಬೂದುಕೋಳಿ ಅವ್ವನ ಮಡಿಲಿಗೆ ಹಾರಿ, ಎರಡು ಸುತ್ತು ಸುತ್ತಿ ಕೂತಿತು.

ಅವ್ವ ಅದರ ಕಾಲಿನ ಹಸಿರು ಚಿಂದಿಯನ್ನು ನಿಧಾನವಾಗಿ ಬಿಚ್ಚಿದಳು. ಗಂಟು ಬಿಗಿದಿತ್ತು, ಹೊತ್ತು ಹಿಡಿಯಿತು. ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೆರಗಿನಿಂದ ಕೋಳಿಯ ಕಣ್ಣು ಮುಚ್ಚಿ, ಅದು ಗಂಟಲೊಳಗೆ ಗೊರಗುಟ್ಟುವವರೆಗೂ ಬೆನ್ನು ಸವರುತ್ತಾ ಕೂತಳು. ಆಮೇಲೆ ಅಪ್ಪನಿಗೆ ಸನ್ನೆ ಮಾಡಿದಳು. ಅಪ್ಪ ಬೇಲಿಯಾಚೆ ಒಯ್ದ. ಒಂದು ಸದ್ದೂ ಕೇಳಲಿಲ್ಲ. ಹೆದರಿಕೆ ಇಲ್ಲದೆ ಇರಲಿ ಎಂದಿದ್ದಳಲ್ಲ ಅಕ್ಕ, ಹಾಗೆಯೇ ಹೋಯಿತು.

ಸಾರನ್ನು ಅವ್ವ ಅಕ್ಕನಿಗೆ ಹೇಗೆ ಮಾಡಬೇಕೆಂದಿದ್ದಳೋ ಹಾಗೇ ಮಾಡಿದಳು. ಮೆಣಸು ಹುರಿದು, ಬೆಳ್ಳುಳ್ಳಿ ಜಜ್ಜಿ, ತುಪ್ಪ ಬಿಟ್ಟು. ಬಿಸಿ ಅನ್ನಕ್ಕೆ ತಾನೇ ಕಲಸಿ ಆ ಹೆಂಗಸಿನ ಮುಂದಿಟ್ಟಳು. ಆಕೆ ಉಣ್ಣುವವರೆಗೂ ಎದುರು ಕೂತಿದ್ದಳು. ಆಕೆಯ ಅತ್ತೆ ಹೊಸಿಲಾಚೆ ನಿಂತು ನೋಡಿದಳು, ಒಳಗೂ ಬರಲಿಲ್ಲ, ಬಾ ಎಂದು ಸೊಸೆಯನ್ನು ಎಬ್ಬಿಸಲೂ ಇಲ್ಲ. ಮೂರ್ನಾಲ್ಕು ದಿನ ಹಾಗೆ ಉಂಡ ಮೇಲೆ ಹಾಲು ತಿರುಗಿತು. ಕೂಸು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಯಿತು.

ಬೂದುಕೋಳಿ ಹೋದ ಸಂಜೆ ಉಳಿದವು ಬರುವುದಿಲ್ಲ ಎಂದುಕೊಂಡಿದ್ದೆ. ಬರದೆ ಇರಲಿ ಎಂದು ಬಯಸಿದ್ದೆ. ಅವ್ವ ಕರೆದಳು, ಒಂದೂ ಹಿಂಜರಿಯದೆ ಬಂದವು. ಅವು ಮುನಿಸಿಕೊಂಡು ಮರ ಹತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಂಬಿಕೆ ಹುಟ್ಟಿಸುವುದು ಕಷ್ಟವೆಂದು ತಿಳಿದಿದ್ದೆ. ಹುಟ್ಟಿದ ನಂಬಿಕೆಯನ್ನು ನೋಡುತ್ತಾ ನಿಲ್ಲುವುದು ಅದಕ್ಕಿಂತ ಕಷ್ಟ.

ಅಲ್ಲಿಂದ ಮುಂದೆ ಸಂಜೆ ಕೋಳಿ ಕರೆಯುವುದು ಅವ್ವನದಾಯಿತು. ಕೂಸನ್ನು ಸೊಂಟದಲ್ಲಿ ಕೂರಿಸಿಕೊಂಡೇ ಕರೆಯುತ್ತಿದ್ದಳು. ಆ ಹೆಂಗಸಿನ ಸಾರಿಗಾಗಿ ಒಂದೊಂದಾಗಿ ಚಿಂದಿಗಳು ಬಿಚ್ಚಿದವು. ಬಿಚ್ಚಿದ್ದನ್ನೆಲ್ಲ ಅವ್ವ ಒಂದಕ್ಕೊಂದು ಗಂಟು ಹಾಕಿ ಕೂಸಿನ ತೊಟ್ಟಿಲಿನ ಹಗ್ಗಕ್ಕೆ ಸುತ್ತಿದಳು. ಕೂಸು ತೆವಳಿತು, ನಿಂತಿತು, ನನ್ನ ಹಾಗೇ ಜೋರು ಬಾಯಿ ಮಾಡಿತು. ಹಾಲು ಬಿಟ್ಟಿತು. ಕೊನೆಗೆ ಕಾಲಲ್ಲಿ ಹಸಿರು ಉಳಿದದ್ದು ಒಂದೇ ಒಂದು ಕೆಂಪು ಕೋಳಿ. ಅದನ್ನು ಕೊಯ್ಯುವ ಮಾತನ್ನು ಯಾರೂ ಎತ್ತಲಿಲ್ಲ.

ಕೂಸನ್ನು ಕರೆದೊಯ್ಯಲು ಭಾವನೂ ಅವರ ತಾಯಿಯೂ ಗಾಡಿ ಮಾಡಿಕೊಂಡು ಬಂದರು. ಇನ್ನೂ ಮಾತು ಬರದ ಕೂಸಿಗೆ ಅವರಿಬ್ಬರೂ ಹೊಸಬರು. ಅಜ್ಜಿ ಕೈ ಚಾಚಿದರೆ ಅವ್ವನ ಕುತ್ತಿಗೆಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು ಚೀರಿತು. ಆ ಅಜ್ಜಿ ಒಳ್ಳೆಯವರು, ಬೆಲ್ಲ ತೋರಿಸಿದರು, ಬಳೆ ಆಡಿಸಿದರು. ಏನೂ ನಡೆಯಲಿಲ್ಲ.

ಊಟವಾದ ಮೇಲೆ ಅವ್ವ ಕೆಂಪು ಕೋಳಿಯನ್ನು ಬುಟ್ಟಿಯೊಳಗಿಟ್ಟು, ಮೇಲೆ ಬಲೆ ಕಟ್ಟಿ ತಂದು ಜಗುಲಿಯ ಮೇಲಿಟ್ಟಳು.

'ಇದು ಕೂಸಿನ ಜೋಡಿ ಬರ್ಲಿ. ಕೊಯ್ಯಬ್ಯಾಡ್ರಿ.'

'ಅಯ್ಯೋ, ಕೊಯ್ಯಾದಿಲ್ಲ ಬಿಡಿ.'

'ಸಂಜಿಮುಂದ ಕೂಸಿನ್ನ ಎತ್ತಿಕೊಂಡು ಇದನ್ನ ಕರೀಬೇಕು. ಹ್ಯಾಂಗ ಅಂದ್ರ…' ಎಂದು ಅವ್ವ ಕರೆದು ತೋರಿಸಿದಳು. ಬುಟ್ಟಿಯಲ್ಲಿದ್ದ ಕೋಳಿ ಕತ್ತೆತ್ತಿತು.

'ನಮ್ಮಲ್ಲಿ ಬೇರೆ ತರ ಕರೀತಾರೆ' ಎಂದು ಆ ಅಜ್ಜಿ ಸಂಕೋಚದಿಂದ ನಕ್ಕರು. ಅವ್ವ ನಗಲಿಲ್ಲ. ಮತ್ತೆ ಹೇಳಿಕೊಟ್ಟಳು. ನಾಲಿಗೆ ಹೀಗೆ, ಉಸಿರು ಹೀಗೆ, ಕೊನೆಗೆ ದನಿ ಇಳಿಯಬೇಕು. ಇಬ್ಬರು ಅಜ್ಜಿಯರು ಬುಟ್ಟಿಯ ಎರಡು ಕಡೆ ಕುಕ್ಕರುಗಾಲಲ್ಲಿ ಕೂತು ಕೋ ಕೋ ಎನ್ನುವುದನ್ನು ನೋಡಿ ನನಗೆ ನಗುವೂ ಬಂತು, ಕರುಳು ಕಿತ್ತು ಬರುವಂಥ ಅಳುವೂ ಬಂತು. ಭಾವ ಮುಖ ತಿರುಗಿಸಿಕೊಂಡು ಎತ್ತಿನ ಹಗ್ಗ ಸರಿಮಾಡುತ್ತಾ ನಿಂತಿದ್ದರು.

ಗಾಡಿ ಹೂಡಿದರು. ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿದಾಗ ಅದು ಬೆನ್ನು ಬಿಲ್ಲಾಗಿಸಿ, ನಮ್ಮ ಕಡೆ ಎರಡೂ ಕೈ ಚಾಚಿ ಕಿರುಚಿತು. ಅವ್ವ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟಳು. ಆ ಅಜ್ಜಿ ಕೂಸನ್ನು ಎದೆಗೆ ಒತ್ತಿಕೊಂಡು, ಬಲೆಯೊಳಗಿನ ಕೋಳಿಯ ಕಡೆ ಬಗ್ಗಿ, ಒಮ್ಮೆ ನಮ್ಮವ್ವನ ಮುಖ ನೋಡಿ, ನಡುಗುವ ದನಿಯಲ್ಲಿ ಕರೆದರು. ಲೊಚಗುಟ್ಟಿದ್ದು ಸರಿ ಬರಲಿಲ್ಲ. ದನಿ ಬೇರೆ, ರಾಗ ಬೇರೆ. ಕೊನೆಯ 'ಬಾ' ಮಾತ್ರ ಎಷ್ಟು ಇಳಿಯಬೇಕೋ ಅಷ್ಟೇ ಇಳಿಯಿತು.

ಕೋಳಿ ಅಲುಗಲಿಲ್ಲ. ಕೂಸು ಅಳು ನಿಲ್ಲಿಸಿ, ತಿರುಗಿ, ಆ ಅಜ್ಜಿಯ ಮುಖ ನೋಡಿತು.